ಬಚ್ಚಲ ಹಿಂದಿನ ಬಾಳೆಗೆ ಏನು ಹಾಕುತ್ತೀರಿ?

ಕೊಂಡಜ್ಜಿಯ ಓದುಗರೊಬ್ಬರ ಪ್ರಶ್ನೆ ಇದು. ಹಿತ್ತಲ ಬಾಳೆ ಆಳೆತ್ತರ ಮೀರಿ ಬೆಳೆದಿದೆ, ಎಲೆಗೆ ಏನೂ ಕಡಿಮೆಯಿಲ್ಲ. ಗೊನೆ ಬಿಟ್ಟರೆ ಮಾತ್ರ ನಾಲ್ಕೇ ಚಿಪ್ಪು, ಕಾಯಿ ಕಿರುಬೆರಳಿನಷ್ಟು. ಗೊನೆ ಕಂಡ ದಿನವೇ ಬುಡಕ್ಕೆ ಎರಡು ಬುಟ್ಟಿ ಗೊಬ್ಬರ, ಸೇರುಗಟ್ಟಲೆ ಶೇಂಗಾ ಹಿಂಡಿ ಸುರಿದರೂ ಉಪಯೋಗವಾಗಲಿಲ್ಲವಂತೆ. ‘ಜಾತಿಯೇ ಕೆಟ್ಟದ್ದೋ? ಕಿತ್ತು ಬೇರೆ ನೆಡಲೋ?’ ಎಂದು ಕೇಳಿದ್ದಾರೆ.

ಕೀಳಬೇಡಿ. ಜಾತಿಯ ಮೇಲೆ ತಪ್ಪು ಹೊರಿಸುವ ಮೊದಲು ಗೊಬ್ಬರ ಹಾಕಿದ ಹೊತ್ತನ್ನು ನೋಡಬೇಕು.

ನಾವು ಬಾಳೆಯ ಕಂಬ ಎನ್ನುವುದು ನಿಜವಾದ ಕಾಂಡವಲ್ಲ. ಅದು ಎಲೆಗಳ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ನಿಂತದ್ದು. ಕಾಂಡ ಇರುವುದು ಮಣ್ಣಿನೊಳಗೆ, ಗೆಡ್ಡೆಯ ರೂಪದಲ್ಲಿ. ಕಂದು ನೆಟ್ಟು ನಾಲ್ಕೈದು ತಿಂಗಳಾಗುವಾಗ ಆ ಗೆಡ್ಡೆಯ ತುದಿಯಲ್ಲಿ, ನಮ್ಮ ಕಣ್ಣಿಗೆ ಬೀಳದ ಹಾಗೆ, ಹೂವು ಮೊಳೆಯುತ್ತದೆ. ಗೊನೆಗೆ ಎಷ್ಟು ಚಿಪ್ಪು, ಚಿಪ್ಪಿಗೆ ಎಷ್ಟು ಕಾಯಿ ಎಂಬುದೆಲ್ಲ ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಅದು ಕಂಬದ ನಡುವಿನಿಂದ ಮೇಲೇರಿ ಹೊರಗೆ ಮುಖ ತೋರಿಸಲು ಇನ್ನೂ ಕೆಲವು ತಿಂಗಳು ಬೇಕು. ನೀವು ಪಲ್ಯ ಮಾಡುವ ಬಿಳಿ ದಿಂಡು ಹೂವನ್ನು ಹೊತ್ತು ಮೇಲೆ ಬಂದ ಆ ಕಾಂಡವೇ. ಹೀಗಾಗಿ ಗೊನೆ ಕಂಡ ಮೇಲೆ ಹಾಕಿದ ಗೊಬ್ಬರ ಚಿಪ್ಪಿನ ಲೆಕ್ಕವನ್ನು ಒಂದೂ ಹೆಚ್ಚಿಸಲಾರದು. ಇರುವ ಕಾಯಿ ಒಂದಿಷ್ಟು ತುಂಬಿಕೊಂಡರೆ ಅದೇ ಲಾಭ.

ಎರಡನೆಯದು, ಏನು ಹಾಕಿದಿರಿ ಎಂಬುದು. ಸಗಣಿ ಗೊಬ್ಬರ, ಶೇಂಗಾ ಹಿಂಡಿ ಒಳ್ಳೆಯವೇ. ಆದರೆ ಹಿಂಡಿಯಲ್ಲಿ ಹೆಚ್ಚಾಗಿ ಇರುವುದು ಸಾರಜನಕ. ಅದು ಎಲೆ ಬೆಳೆಸುತ್ತದೆ. ಬಾಳೆ ಪೊಟ್ಯಾಷ್‌ನ ಹೊಟ್ಟೆಬಾಕ. ಪೊಟ್ಯಾಷ್ ಸಾಲದಿದ್ದರೆ ಹಳೆಯ ಎಲೆಗಳು ತುದಿ-ಅಂಚಿನಿಂದ ಹಳದಿಯಾಗಿ ಒಣಗುತ್ತ ಬರುತ್ತವೆ, ಕಾಯಿ ಸೊರಗುತ್ತದೆ. ಹಸಿರು ಎಲೆ ನೋಡಿ ಗಿಡ ಸುಖವಾಗಿದೆ ಎಂದುಕೊಳ್ಳುವುದು ನಮ್ಮಲ್ಲಿ ರೂಢಿ.

‘ಬೂದಿ ಹಾಕುತ್ತೇವಲ್ಲ’ ಎನ್ನುವವರುಂಟು. ಯಾವ ಬೂದಿ? ಸೌದೆ ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ. ದಾವಣಗೆರೆ ಸುತ್ತ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳಿಗೆ ಬರವಿಲ್ಲ, ಭತ್ತದ ಹೊಟ್ಟಿನ ಬೂದಿ ಸುಲಭವಾಗಿ ಸಿಗುತ್ತದೆ. ಆದರೆ ಅದರಲ್ಲಿ ಬಹುಪಾಲು ಮರಳಿನ ಜಾತಿಯ ಸಿಲಿಕಾ, ಪೊಟ್ಯಾಷ್ ಅತ್ಯಲ್ಪ. ಮಣ್ಣು ಸಡಿಲವಾಗಲಿ ಎಂದು ಹಾಕಿ, ಗೊನೆಯ ಆಸೆಗಲ್ಲ. ಟೈರು, ಪ್ಲಾಸ್ಟಿಕ್ ಸೇರಿಸಿ ಸುಟ್ಟ ಬೂದಿಯನ್ನಂತೂ ತಿನ್ನುವ ಗಿಡದ ಹತ್ತಿರಕ್ಕೂ ತರಬೇಡಿ.

ಈಗ ಬಚ್ಚಲಿನ ವಿಷಯ. ಬಾಳೆ ಬಚ್ಚಲ ನೀರಿಗೇ ಹುಟ್ಟಿದ್ದು ಎಂಬ ನಂಬಿಕೆ ಹಳೆಯದು. ಅದು ಸೀಗೇಕಾಯಿ, ಕಡಲೆಹಿಟ್ಟಿನ ಕಾಲಕ್ಕೆ ನಿಜವೇ ಆಗಿತ್ತು. ಈಗ ಬಚ್ಚಲಿನಿಂದ ಹರಿಯುವುದು ಬಟ್ಟೆ ಪುಡಿಯ ನೊರೆ. ಅದರಲ್ಲಿರುವ ಸೋಡಿಯಂ ಎರೆ ಮಣ್ಣನ್ನು ಅಂಟು ಮುದ್ದೆ ಮಾಡುತ್ತದೆ. ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಇಲ್ಲ, ಹಾಕಿದ ಗೊಬ್ಬರವೂ ಗಿಡಕ್ಕೆ ದಕ್ಕುವುದಿಲ್ಲ. ಮೊದಲ ನೊರೆನೀರನ್ನು ಚರಂಡಿಗೆ ಬಿಟ್ಟು, ಬಟ್ಟೆ ಜಾಲಿಸಿದ ನೀರು, ಅಕ್ಕಿ-ತರಕಾರಿ ತೊಳೆದ ನೀರನ್ನು ಮಾತ್ರ ಬಾಳೆಗೆ ಕೊಡಿ. ಎರೆ ಮಣ್ಣಿನವರು ಒಲೆ ಬೂದಿಯನ್ನೂ ಬೊಗಸೆ ಲೆಕ್ಕದಲ್ಲಷ್ಟೇ ಹಾಕಬೇಕು. ಅದು ಕ್ಷಾರ, ಎರೆಯಲ್ಲಿ ಮೊದಲೇ ಕ್ಷಾರವಿರುವುದುಂಟು.

ಕೊಂಡಜ್ಜಿ ಎಂದರೆ ಸ್ಕೌಟ್ಸ್ ಶಿಬಿರಕ್ಕೆ ಹೋಗಿ ಬಂದವರಿಗೆಲ್ಲ ಕೆರೆ, ಗುಡ್ಡ ನೆನಪಾಗುತ್ತದೆ. ನಿಮ್ಮ ಹಿತ್ತಲು ಗುಡ್ಡದ ಮಗ್ಗುಲಿನ ಗರಸು ಮಣ್ಣಾಗಿದ್ದರೆ ಕಥೆ ತಿರುವುಮುರುವು. ಅಲ್ಲಿ ನೀರು ನಿಲ್ಲುವುದಿಲ್ಲ, ಜೊತೆಗೆ ಗೊಬ್ಬರದ ಸತ್ವವೂ ನಿಲ್ಲುವುದಿಲ್ಲ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿರಲಿ, ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಅನುಮಾನವಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಬಹುದು.

ಹೊಸ ಕಂದು ನೆಡುವವರು ಮುಂಗಾರಿನ ಮೊದಲ ಮಳೆಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಮೇಲ್ಮಣ್ಣಿಗೆ ಸುಮಾರು 10 ಕಿಲೊ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಅಗಲ ಎಲೆಯ ಕಂದು ನೋಡಲು ಚೆಂದ, ಆದರೆ ನೆಡಬೇಕಾದದ್ದು ಕತ್ತಿಯಂತೆ ಕಿರಿದಾದ ಎಲೆ, ದಪ್ಪ ಬುಡದ ಕಂದನ್ನು. ರಾಜ್ಯದಲ್ಲಿ ಬಾಳೆಗೆ ಶಿಫಾರಸಿನಲ್ಲಿರುವ ಪ್ರಮಾಣ ಗಿಡಕ್ಕೆ 180 ಗ್ರಾಂ ಸಾರಜನಕ, 108 ಗ್ರಾಂ ರಂಜಕ, 225 ಗ್ರಾಂ ಪೊಟ್ಯಾಷ್. ಅಂಗಡಿ ಭಾಷೆಯಲ್ಲಿ ಹೇಳುವುದಾದರೆ ಸುಮಾರು 390 ಗ್ರಾಂ ಯೂರಿಯಾ, 675 ಗ್ರಾಂ ಸೂಪರ್ ಫಾಸ್ಫೇಟ್, 375 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಸೂಪರ್ ಫಾಸ್ಫೇಟನ್ನು ನೆಡುವಾಗಲೇ ಗುಂಡಿಗೆ ಹಾಕಿ. ಉಳಿದೆರಡನ್ನು ಮೂರು ಪಾಲು ಮಾಡಿ ಎರಡು, ನಾಲ್ಕು, ಆರನೆಯ ತಿಂಗಳಲ್ಲಿ ಕೊಡಿ. ಇದು ತೋಟದ ಲೆಕ್ಕ. ವರ್ಷವಿಡೀ ಸಗಣಿ, ಹಿಂಡಿ ಬೀಳುವ ಹಿತ್ತಲಿಗೆ ಯೂರಿಯಾವನ್ನು ಅರ್ಧಕ್ಕಿಳಿಸಬಹುದು, ಪೊಟ್ಯಾಷನ್ನು ಇಳಿಸಬೇಡಿ. ಗೊಬ್ಬರ ಕಂಬಕ್ಕೆ ತಾಗಬಾರದು. ಬುಡದಿಂದ ಒಂದೂವರೆ ಅಡಿ ದೂರಕ್ಕೆ ಸುತ್ತ ಉದುರಿಸಿ, ಮಣ್ಣು ಕೆದಕಿ ಮುಚ್ಚಿ ನೀರುಣಿಸಿ. ಬಾಳೆಯ ಬೇರು ಆಳಕ್ಕಿಳಿಯುವುದು ಕಡಿಮೆ, ಗುದ್ದಲಿ ಹೊಡೆಯಬೇಡಿ.

ಇನ್ನು ಎಲೆ ಕೊಯ್ಲು. ಗೌರಿ ಹಬ್ಬ, ದೀಪಾವಳಿ ಬಂದರೆ ಇಡೀ ಬೀದಿಗೆ ನಿಮ್ಮ ಬಾಳೆಯ ಮೇಲೆ ಕಣ್ಣು. ಇಲ್ಲ ಎನ್ನಲು ಆಗುವುದಿಲ್ಲ, ನಿಜ. ಆದರೆ ಹೂ ಹೊರಬರುವಾಗ ಗಿಡದಲ್ಲಿ ಕನಿಷ್ಠ ಎಂಟು ಒಳ್ಳೆಯ ಎಲೆಗಳಿಲ್ಲದಿದ್ದರೆ ಕಾಯಿ ತುಂಬುವುದು ಕಷ್ಟ. ಎಲೆಗೆಂದೇ ಒಂದು ಗಿಡ ಬೇರೆ ಇಟ್ಟುಕೊಳ್ಳಿ, ಬೂದುಬಾಳೆಯಾದರೆ ಉತ್ತಮ. ಹಬ್ಬವೂ ಆಯಿತು, ಬಜ್ಜಿಗೆ ಕಾಯಿಯೂ ಆಯಿತು.

ಕಂದುಗಳ ಮೇಲೆ ದಯೆ ಬೇಡ. ಬುಡದಲ್ಲಿ ಐದಾರು ಮರಿ ಬಿಟ್ಟುಕೊಂಡು ತಾಯಿಗೆ ಎಷ್ಟು ಉಣಿಸಿದರೂ ಅವು ಪಾಲು ಕೇಳುತ್ತವೆ. ಗೊನೆ ಬರುವವರೆಗೆ ಎಲ್ಲವನ್ನೂ ತೆಗೆಯುತ್ತಿರಿ, ಬಂದ ಮೇಲೆ ಒಂದನ್ನು ಮಾತ್ರ ಬಿಡಿ.

ಕೊಂಡಜ್ಜಿಯವರು ಈಗ ಮಾಡಬೇಕಾದದ್ದು ಇಷ್ಟೇ. ಸಣ್ಣ ಗೊನೆಯನ್ನು ಬಲಿಯಲು ಬಿಟ್ಟು ಕಡಿಯಿರಿ. ಕಂಬವನ್ನು ಒಮ್ಮೆಲೇ ನೆಲಸಮ ಮಾಡಬೇಡಿ, ಅರ್ಧ ನಿಲ್ಲಿಸಿ. ಅದರಲ್ಲಿರುವ ನೀರು, ಪೊಟ್ಯಾಷ್ ಪಕ್ಕದ ಕಂದಿಗೆ ಇಳಿಯುತ್ತದೆ. ಒಣಗತೊಡಗಿದಾಗ ಕೊಚ್ಚಿ ಅದೇ ಬುಡಕ್ಕೆ ಮುಚ್ಚಿಗೆ ಮಾಡಿ, ರೋಗ ಅಥವಾ ಹುಳು ಬಿದ್ದ ಕಂಬವಾದರೆ ಮಾತ್ರ ಹೊರಗೆ ಹಾಕಿ. ಉಳಿಸಿದ ಕಂದು ಸೊಂಟದೆತ್ತರಕ್ಕೆ ಬಂದಿದ್ದರೆ ಅದರ ಮೊದಲ ಪಾಲಿನ ಪೊಟ್ಯಾಷನ್ನು ಈ ವಾರವೇ ಕೊಟ್ಟುಬಿಡಿ.