ಕೀಲಿಕೈಗಿಂತ ಮೊದಲು ನಕ್ಷೆ ಕೇಳೋಣ



ಹೊಸ ಮನೆಯ ಮಾತು ಬಂದಾಗ ನಾವೆಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಚದರಡಿ?’ 2025ರ ಆಗಸ್ಟಿನಲ್ಲಿ ವರ್ಲಿಯ ಬಿ.ಡಿ.ಡಿ. ಚಾಳುಗಳ 556 ಕುಟುಂಬಗಳಿಗೆ ತಲಾ 500 ಚದರಡಿಯ ಮನೆಯ ಕೀಲಿಕೈ ದೊರೆತಾಗಲೂ ನಮ್ಮಲ್ಲಿ ನಡೆದದ್ದು ಇದೇ ಮಾತು. 160 ಚದರಡಿಯ ಖೋಲಿಯಲ್ಲಿ ತಲೆಮಾರುಗಳನ್ನು ಕಳೆದವರಿಗೆ ಇದು ಸಣ್ಣ ಸಂಗತಿಯಲ್ಲ. ಅವರ ಸಂತೋಷದಲ್ಲಿ ನಮ್ಮ ಪಾಲೂ ಇದೆ. ಆದರೆ ಚದರಡಿಯೊಂದನ್ನೇ ಅಳೆದು ಮನೆಯನ್ನು ಮೆಚ್ಚುವುದೆಂದರೆ, ಎಲೆ ದೊಡ್ಡದಿದೆಯೆಂದು ಊಟವನ್ನು ಹೊಗಳಿದಂತೆ.

ನೂರಾರು ಕುಟುಂಬಗಳು ಬಾಳುವ ಕಟ್ಟಡದಲ್ಲಿ ನಾಲ್ಕು ಗೋಡೆಗಳ ಒಳಗಿನ ಜಾಗ ಒಬ್ಬೊಬ್ಬರದು. ಮೇಲಿನ ಮಾಡು, ಮೆಟ್ಟಿಲು, ಲಿಫ್ಟು, ನೀರಿನ ಟಾಂಕಿ, ಚರಂಡಿ ಇವು ಎಲ್ಲರವು. ಎಲ್ಲರದು ಎಂದದ್ದು ಕೊನೆಗೆ ಯಾರದೂ ಅಲ್ಲವೆಂದಾಗುವುದನ್ನು ಚಾಳುಗಳ ಸಾಮಾನ್ಯ ನಳದ ಬಳಿ ನಾವು ದಿನವೂ ಕಂಡವರು. ಆದುದರಿಂದ ಈ ಸಾಮಾನ್ಯ ವಸ್ತುಗಳ ಹೊಣೆ ಯಾರದು, ಖರ್ಚು ಎಷ್ಟು, ಕಟ್ಟಡ ಎಲ್ಲಿ ನಿಲ್ಲಬೇಕು ಎಂಬುದನ್ನು ಕಟ್ಟುವ ಮೊದಲೇ, ವಾಸಿಸುವವರೊಡನೆ ಕುಳಿತು ಗೊತ್ತುಮಾಡಬೇಕು. ನಾವು ಹೇಳಬೇಕೆಂದಿರುವುದು ಇಷ್ಟೇ. ಇದಕ್ಕೆ ಸಾಕ್ಷಿಯನ್ನು ಈ ಸಲ ಕೇರಳದ ಕೊಚ್ಚಿ, ತಿರುವನಂತಪುರಗಳಿಂದ ತಂದಿದ್ದೇವೆ. ಅವು ದೂರದ ಊರುಗಳಲ್ಲ. ನಮ್ಮ ಕರಾವಳಿಯದೇ ಮಳೆ, ಅದೇ ಮುರಕಲ್ಲು, ಅದೇ ಉಪ್ಪುಗಾಳಿ.

ಮೊದಲು ಕೊಚ್ಚಿ. ಅಲ್ಲಿನ ಫೋರ್ಟ್ ಕೊಚ್ಚಿಯ ತುರುತ್ತಿಯಲ್ಲಿ ಬಡ ಕುಟುಂಬಗಳಿಗಾಗಿ ಕಟ್ಟಿದ ಎರಡು ಎತ್ತರದ ಕಟ್ಟಡಗಳು 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದವು. ಒಂದು 11 ಅಂತಸ್ತು, ಇನ್ನೊಂದು 13. ಒಟ್ಟು 394 ಮನೆಗಳು. ರಾಜೀವ್ ಆವಾಸ್ ಯೋಜನೆಯ ಕಾಲದಲ್ಲಿ ಹುಟ್ಟಿದ ಆಲೋಚನೆ ಕೈಗೂಡಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಯೋಜನೆಯೇ ನಿಂತುಹೋದ ಮೇಲೆ ಮನೆಗಳು ಎದ್ದವು. ಆದರೂ ಇಲ್ಲಿ ಮೆಚ್ಚಬೇಕಾದ ಒಂದು ಮಾತಿದೆ. ಬಡವರನ್ನು ಊರ ಹೊರಗೆ ಎಸೆಯದೆ, ಅವರ ಕೆಲಸ, ಪೇಟೆ, ಮಕ್ಕಳ ಶಾಲೆಗಳ ನಡುವೆಯೇ ಸೂರು ಕೊಟ್ಟರು. ಪಟ್ಟಣದಲ್ಲಿ ನೆಲ ಕಡಿಮೆ. ಎತ್ತರಕ್ಕೆ ಕಟ್ಟದೆ ವಿಧಿಯಿಲ್ಲ. ಇದನ್ನು ನಾವು ಒಪ್ಪುತ್ತೇವೆ. ಆದರೆ ಹದಿಮೂರನೆಯ ಅಂತಸ್ತಿಗೆ ನೀರು ತಾನಾಗಿ ಏರುವುದಿಲ್ಲ, ಲಿಫ್ಟು ಗಾಳಿಯಿಂದ ಓಡುವುದಿಲ್ಲ. ಪಂಪಿಗೂ ಲಿಫ್ಟಿಗೂ ತಿಂಗಳು ತಿಂಗಳು ವಿದ್ಯುತ್ತಿನ ಬಿಲ್ಲು ಬರುತ್ತದೆ. ದಿನಗೂಲಿಯ ಸಂಸಾರಕ್ಕೆ ಇದು ಎರಡನೆಯ ಬಾಡಿಗೆ. ಎತ್ತರದ ಮನೆ ಕೊಡುವವರು ಈ ಲೆಕ್ಕವನ್ನು ಮೊದಲೇ ಮುಂದಿಡಬೇಕು.

ಅದೇ ಕೊಚ್ಚಿಯ ಇನ್ನೊಂದು ಉದಾಹರಣೆ ನೋಡಿ. ಪೇರಂಡೂರು ಕಾಲುವೆಯ ದಂಡೆಯಲ್ಲಿ, ಮಳೆ ಬಂದಾಗಲೆಲ್ಲ ಕೊಳಚೆ ನೀರಿನಲ್ಲಿ ನಿಲ್ಲುತ್ತಿದ್ದ ಪಿ. ಆಂಡ್ ಟಿ. ಕಾಲನಿಯ ಎಂಬತ್ತಕ್ಕೂ ಹೆಚ್ಚು ಕುಟುಂಬಗಳನ್ನು 2023ರಲ್ಲಿ ಮುಂಡಂವೇಲಿಯ ಹೊಸ ಕಟ್ಟಡಗಳಿಗೆ ಸಾಗಿಸಿದರು. ಹೆಚ್ಚು ಕಾಲ ಕಳೆಯುವ ಮೊದಲೇ ಸೋರಿಕೆಯ ಮತ್ತು ಕೊಳಚೆಯ ದೂರುಗಳು ಪತ್ರಿಕೆಗಳಿಗೆ ಬಂದವು. ನೀರಿನಿಂದ ಪಾರಾಗಲು ಹೋದವರನ್ನು ನೀರು ಅಲ್ಲಿಯೂ ಹಿಂಬಾಲಿಸಿತು! ಕೊಚ್ಚಿಯ ಹೆಚ್ಚಿನ ಭಾಗಕ್ಕೆ ಒಳಚರಂಡಿಯಿಲ್ಲ. ಗುಂಡಿ ತೋಡಿದರೆ ಬೇಗನೆ ನೀರು ಒಸರುವ ನೆಲ. ಇಂಥ ಕಡೆ ನೂರಾರು ಜನರ ಮಲಿನ ನೀರು ಎಲ್ಲಿಗೆ ಹೋಗಬೇಕು ಎಂಬುದು ನಕ್ಷೆಯ ಮೊದಲ ಗೆರೆಯಾಗಬೇಕು, ಕೊನೆಯ ಗೆರೆಯಲ್ಲ.

ಇದು ಬಡವರ ಮನೆಗೆ ಮಾತ್ರ ಹೇಳಿದ್ದಲ್ಲ. ಕೊಚ್ಚಿಯ ಮರಡಿನಲ್ಲಿ ಹಿನ್ನೀರಿನ ಅಂಚಿಗೆ ಕರಾವಳಿಯ ನಿಯಮ ಮೀರಿ ಕಟ್ಟಿದ ನಾಲ್ಕು ಬಹುಮಹಡಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸಿಡಿಮದ್ದಿಟ್ಟು ಉರುಳಿಸಿದರು. ಹಣ ಕೊಟ್ಟು ಕೊಂಡವರ ಮನೆಗಳು ಕೆಲವು ಕ್ಷಣಗಳಲ್ಲಿ ಕಲ್ಲಿನ ರಾಶಿಯಾದವು. ನೆಲವನ್ನು ಕೇಳದೆ ಕಟ್ಟಿದರೆ ಅಮೃತಶಿಲೆ ಹಾಸಿದ ಮನೆಯೂ ಉಳಿಯದು.

ಇನ್ನು ತಿರುವನಂತಪುರ. ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡ ಮೀನುಗಾರರಿಗೆ ಅಲ್ಲಿನ ಮುಟ್ಟತ್ತರದಲ್ಲಿ 2018ರಲ್ಲಿ 192 ಮನೆಗಳನ್ನೂ 2025ರ ಆಗಸ್ಟಿನಲ್ಲಿ 332 ಮನೆಗಳನ್ನೂ ಕೊಟ್ಟರು. ಗೋಪುರಗಳಲ್ಲ, ಎಂಟೆಂಟು ಮನೆಗಳ ಎರಡಂತಸ್ತಿನ ಸಣ್ಣ ಕಟ್ಟಡಗಳು. ಲಿಫ್ಟಿನ ಗೊಡವೆಯಿಲ್ಲ. ಎಂಟು ಮನೆಯವರು ಒಬ್ಬರನ್ನೊಬ್ಬರು ಬಲ್ಲರು. ಪೈಪು ಒಡೆದರೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತು. ಆದರೆ ಮೀನುಗಾರನ ಮನೆಯೆಂದರೆ ಮಲಗುವ ಕೋಣೆ ಮಾತ್ರವಲ್ಲ. ಬಲೆ, ಎಂಜಿನು, ನಸುಕಿನಲ್ಲಿ ದಡ ಸೇರುವ ದಾರಿ ಎಲ್ಲವೂ ಮನೆಯ ಭಾಗವೇ. ಮೊಗವೀರ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದೇ ನಗರದ ನಡುವೆ, ಸೆಕ್ರೆಟರಿಯೇಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಚೆಂಕಲ್‌ಚೂಳ ಎಂಬ ಬಡವರ ಕೇರಿಯಿದೆ. ಈಗ ಅದರ ಹೆಸರು ರಾಜಾಜಿನಗರ. ಇಲ್ಲಿ ಬಡವರಿಗಾಗಿ ಮನೆಗಳನ್ನು ರೂಪಿಸಿದವರಲ್ಲಿ ಇಂಗ್ಲೆಂಡಿನಿಂದ ಬಂದು ತಿರುವನಂತಪುರದಲ್ಲೇ ನೆಲೆಸಿ, 2007ರಲ್ಲಿ ಅಲ್ಲಿಯೇ ತೀರಿಕೊಂಡ ಲಾರಿ ಬೇಕರ್ ಒಬ್ಬರು. ಅವರ ರೀತಿ ಸರಳ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿದರೆ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ಸೆಕೆಯೂ ಕಡಿಮೆ. ಕಾಂಕ್ರೀಟು ಮಾಡಿನ ಕೆಳಪದರದಲ್ಲಿ ಭಾರ ಹೊರದ ಸಿಮೆಂಟಿನ ಬದಲು ಹಳೆಯ ಮಂಗಳೂರು ಹೆಂಚನ್ನು ಹುದುಗಿಸುತ್ತಿದ್ದರು. ನಮ್ಮೂರ ಹೆಂಚೇ, ಬಂಧುಗಳೇ! ನಾವು ಹಿತ್ತಿಲಲ್ಲಿ ರಾಶಿ ಹಾಕಿ ಮರೆತದ್ದು ಅಲ್ಲಿ ಬಡವನ ಮಾಡಿನಲ್ಲಿ ಸಿಮೆಂಟು ಉಳಿಸಿತು. ಬೇಕರರೊಂದಿಗೆ 1985ರಲ್ಲಿ ಹುಟ್ಟಿದ ಕಾಸ್ಟ್‌ಫೋರ್ಡ್ ಸಂಸ್ಥೆ ಮುಂದೆ ಅದೇ ನಗರದ ಕರಿಮಠಂ ಕಾಲನಿಯ ಹೊಸ ಮನೆಗಳನ್ನು ಅಲ್ಲಿನ ನಿವಾಸಿಗಳೊಡನೆ ಮಾತಾಡಿ ರೂಪಿಸಿತು. ಅಗ್ಗವೆಂದರೆ ಕಳಪೆಯಲ್ಲ ಎಂಬುದಕ್ಕೂ, ಬಡವನನ್ನು ಕೇಳಿದರೆ ಕೆಲಸ ಕೆಡುವುದಿಲ್ಲ ಎಂಬುದಕ್ಕೂ ಇವು ನಿದರ್ಶನ.

‘ಕೂಲಿಕಾರನಿಗೆ ನಕ್ಷೆ ಏನು ತಿಳಿಯುತ್ತದೆ?’ ಎಂದು ಕೆಲವು ಮಹನೀಯರು ಕೇಳಬಹುದು. ಭಟ್ಟರನ್ನು ಕೇಳದೆ ಅಡುಗೆಮನೆ ಕಟ್ಟಿಸಿದ ಧಣಿಗಳನ್ನು ನಾವು ಕಂಡಿದ್ದೇವೆ. ಒಲೆಯ ಹೊಗೆ ಗಲ್ಲೆಯ ತನಕ ಬಂದು ಕಣ್ಣಲ್ಲಿ ನೀರು ಬಂದಾಗ ಅವರಿಗೆ ಭಟ್ಟರ ನೆನಪಾಗುತ್ತದೆ. ಅಷ್ಟರಲ್ಲಿ ಗೋಡೆ ಎದ್ದಿರುತ್ತದೆ.

ಈಗ ನಮ್ಮ ಮನೆಬಾಗಿಲಿಗೆ ಬರೋಣ. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದಲ್ಲಿ ಗಾಜಿನ ಗೋಪುರಗಳು ಎದ್ದವು. ಅಲ್ಲಿ ಬೆವರು ಸುರಿಸಿದ ಹಿರಿಯರಿಗೆ ತೋರಿಸುತ್ತಿರುವುದು ಕರ್ಜತ್ ದಾರಿಯ ಶೇಲು, ವಾಂಗಣಿಗಳ ಮನೆಗಳನ್ನು. ಅದು ಬೇಡ, ಮುಂಬಯಿಯಲ್ಲೇ ಕೊಡಿ ಎಂದು 2025ರ ಜುಲೈಯಲ್ಲಿ ಗಿರಣಿ ಕಾರ್ಮಿಕರು ಆಜಾದ್ ಮೈದಾನದಲ್ಲಿ ಸೇರಿದರು. ಅವರದು ಹಟವಲ್ಲ, ಕೆಲಸ, ಆಸ್ಪತ್ರೆ, ನೆಂಟಸ್ತಿಕೆ ಎಲ್ಲ ಇಲ್ಲಿರುವಾಗ ಮನೆಯೊಂದು ಮಾತ್ರ ಅಲ್ಲಿದ್ದರೆ ಅದು ಮನೆಯಾದೀತೆ? ತುರುತ್ತಿಯ ಬಡವನಿಗೆ ಪಟ್ಟಣದಲ್ಲೇ ಸಿಕ್ಕಿದ ಸೂರು ಪರೇಲಿನ ಬಡವನಿಗೆ ಏಕೆ ಸಿಗಬಾರದು?

ಹೋಟೆಲಿನ ನಮ್ಮ ಹುಡುಗರ ಮಾತಂತೂ ಯಾವ ಪಟ್ಟಿಯಲ್ಲಿಯೂ ಇಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಬೆಂಚು ಜೋಡಿಸಿ ಮಲಗಿ, ನಸುಕಿಗೆ ಎದ್ದು ಒಲೆ ಹಚ್ಚಿದವರು ನಾವು. ಕುಟುಂಬ ಊರಿನಲ್ಲಿ, ರೇಷನ್ ಕಾರ್ಡು ಊರಿನಲ್ಲಿ. ಆದುದರಿಂದ ಇಲ್ಲಿ ನಾವು ‘ಕುಟುಂಬ’ವೇ ಅಲ್ಲ! ಕೇರಳ ಸರ್ಕಾರ ಹೊರ ರಾಜ್ಯದ ಕಾರ್ಮಿಕರಿಗಾಗಿ 2019ರಲ್ಲಿ ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ 620 ಮಂದಿಗೆ ‘ಅಪ್ನಾ ಘರ್’ ವಸತಿಗೃಹ ತೆರೆಯಿತು. ಲಕ್ಷಾಂತರ ಮಂದಿಗೆ ಅದು ಸಾಲದು, ನಿಜ. ಆದರೂ ಒಂಟಿ ಕಾರ್ಮಿಕನಿಗೂ ಬಾಡಿಗೆಗೆ ಒಂದು ಶುಚಿಯಾದ ಹಾಸಿಗೆ ಸಲ್ಲಬೇಕೆಂದು ಒಂದು ಸರ್ಕಾರ ಒಪ್ಪಿತಲ್ಲ! ಅಷ್ಟನ್ನಾದರೂ ಇಲ್ಲಿಯೂ ಒಪ್ಪಿಸಬೇಕು.

ಚಾಳು ಒಡೆಯುವ ಮಾತು ಬಂದೊಡನೆ ಸಹಿ ಹಾಕಬೇಡಿ. ನಕ್ಷೆ ತೋರಿಸಿ ಎನ್ನಿ. ತಿಂಗಳ ಖರ್ಚು ಎಷ್ಟು, ಮೊದಲ ಹತ್ತು ವರ್ಷ ದುರಸ್ತಿಯ ಹೊಣೆ ಯಾರದು, ಕೊಳಚೆ ನೀರು ಎಲ್ಲಿಗೆ, ಬಾಡಿಗೆಯವರ ಗತಿ ಏನು ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. ಪ್ರತಿ ಚಾಳಿನಲ್ಲಿ ಈಗಲೇ ಸಮಿತಿ ರಚಿಸಿ. ಅದರಲ್ಲಿ ಹೆಂಗಸರು ಅರ್ಧಕ್ಕರ್ಧ ಇರಲಿ, ನೀರಿನ ಲೆಕ್ಕ ಅವರಿಗೆ ಗೊತ್ತು. ಒಬ್ಬನ ಪ್ರಶ್ನೆಯನ್ನು ಬಾಗಿಲಲ್ಲೇ ತಡೆಯುತ್ತಾರೆ. ಚಾಳಿನ ಪ್ರಶ್ನೆಗೆ ಕುರ್ಚಿ ಹಾಕಲೇಬೇಕಾಗುತ್ತದೆ.