ಎರಡು ಕಾನೂನುಗಳನ್ನು ಒಂದು ಮಾಡಬಾರದು



ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ನಮ್ಮ ಅನೇಕ ಮನೆಗಳಲ್ಲಿ ಆಡುವ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. 1956ರವರೆಗೆ ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಗೇ ಸೇರಿದ್ದವು. ಆಮೇಲೆ ನಡುವೆ ರಾಜ್ಯದ ಗಡಿ ಬಂದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಆದ್ದರಿಂದ ಬಸುರಿ, ಬಾಣಂತನ, ದವಾಖಾನೆಯ ವಿಷಯಗಳೂ ಎರಡು ರಾಜ್ಯಗಳ ನಡುವೆ ಹೋಗಿಬರುತ್ತವೆ. ಗರ್ಭಪಾತದ ಕಾನೂನಿನ ಬಗ್ಗೆ ನಮ್ಮವರಲ್ಲಿರುವ ತಪ್ಪು ತಿಳುವಳಿಕೆಯೂ ಹಾಗೆಯೇ. ‘ಗರ್ಭ ತೆಗೆಸುವುದೇ ಅಪರಾಧ, ಜೈಲಾಗುತ್ತದೆ’ ಎಂದು ಕೆಲವರು ಹೇಳುತ್ತಾರೆ. ‘ದುಡ್ಡು ಕೊಟ್ಟರೆ ಎಲ್ಲವೂ ಆಗುತ್ತದೆ’ ಎಂದು ಮತ್ತೆ ಕೆಲವರು ಹೇಳುತ್ತಾರೆ. ಎರಡೂ ತಪ್ಪು. ಈ ಸಲ ಅದನ್ನೇ ಬಿಡಿಸಿ ಹೇಳಲು ಯತ್ನಿಸುತ್ತೇವೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಎರಡು ಬೇರೆ ಬೇರೆ ಕಾನೂನುಗಳಿವೆ. ಮೊದಲನೆಯದು 1971ರ ವೈದ್ಯಕೀಯ ಗರ್ಭಪಾತ ಕಾಯಿದೆ. ಇದಕ್ಕೆ ದಾರಿ ಮಾಡಿದ್ದು ಮಹಾರಾಷ್ಟ್ರದ ಆರೋಗ್ಯ ಸಚಿವರಾಗಿದ್ದ ಶಾಂತಿಲಾಲ ಶಾಹ ಅವರ ಸಮಿತಿ. ಕದ್ದುಮುಚ್ಚಿ ಗರ್ಭ ತೆಗೆಸಿಕೊಳ್ಳಲು ಹೋಗಿ ಹೆಂಗಸರು ಸಾಯುತ್ತಿದ್ದುದನ್ನು ಆ ಸಮಿತಿ ಗಮನಕ್ಕೆ ತಂದಿತು. ತಾಯಿಯ ಜೀವಕ್ಕೆ ಅಥವಾ ದೇಹ-ಮನಸ್ಸಿನ ಆರೋಗ್ಯಕ್ಕೆ ಅಪಾಯವಿದ್ದರೆ, ಶಿಶುವಿನಲ್ಲಿ ತೀವ್ರ ನ್ಯೂನತೆಯಿದ್ದರೆ, ಅತ್ಯಾಚಾರದಿಂದ ಬಸುರಾಗಿದ್ದರೆ, ಗರ್ಭನಿರೋಧಕ ವಿಫಲವಾಗಿದ್ದರೆ, ಅರ್ಹ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಬಹುದು. 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಪ್ರಾಪ್ತೆಯರು, ಅತ್ಯಾಚಾರಕ್ಕೆ ಒಳಗಾದವರು, ಬಸುರಿಯಿರುವಾಗಲೇ ವಿಧವೆಯಾದವರು ಮುಂತಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಅವಕಾಶವಿದೆ. ಪ್ರಾಯಕ್ಕೆ ಬಂದ ಹೆಣ್ಣಿಗೆ ಅವಳದೇ ಒಪ್ಪಿಗೆ ಸಾಕು. ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ.

ಎರಡನೆಯದು ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡಿ ಹೇಳುವುದನ್ನು ನಿಷೇಧಿಸುವ ಕಾನೂನು. ಇದರಲ್ಲಿ ಮಹಾರಾಷ್ಟ್ರವೇ ಮುಂದಾಳು. 1980ರ ದಶಕದಲ್ಲಿ ಮುಂಬೈಯ ಮಹಿಳಾ ಕಾರ್ಯಕರ್ತೆಯರೂ ವೈದ್ಯರೂ ಸೇರಿ ನಡೆಸಿದ ಚಳವಳಿಯ ಫಲವಾಗಿ 1988ರಲ್ಲಿ ದೇಶದ ಮೊದಲ ಕಾನೂನು ಇಲ್ಲಿ ಬಂತು. ಆದರೆ ರಾಜ್ಯದ ಕಾನೂನು ರಾಜ್ಯದ ಗಡಿಯಲ್ಲೇ ನಿಲ್ಲುತ್ತದೆ. ಉಮರ್ಗಾದಲ್ಲಿ ನಿಷಿದ್ಧವಾದದ್ದಕ್ಕೆ ಆ ಕಾನೂನು ಗಡಿಯಾಚೆ ತಡೆ ಹಾಕಲಾರದು. 1994ರಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಿತು, 1996ರ ಜನವರಿ 1ರಿಂದ ಅದು ಜಾರಿಗೆ ಬಂತು. ಆದರೂ ಅದು ಕಾಗದದಲ್ಲೇ ಉಳಿದಾಗ ಸೆಹತ್ ಮತ್ತು ಮಾಸೂಮ್ ಸಂಸ್ಥೆಗಳು, ಡಾ. ಸಾಬು ಜಾರ್ಜ್ ಅವರು 2000ದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟಿನ ಆದೇಶಗಳ ನಂತರ, 2003ರಲ್ಲಿ, ತಿದ್ದುಪಡಿಯೊಂದಿಗೆ ಕಾನೂನು ಬಿಗಿಯಾಯಿತು.

ಬಿಗಿಯಾದರೂ ದಂಧೆ ನಿಲ್ಲಲಿಲ್ಲ. ಲಾತೂರಿನ ನೆರೆಯ ಬೀಡ ಜಿಲ್ಲೆಯ ಪರಳಿಯಲ್ಲಿ 2012ರಲ್ಲಿ ಒಬ್ಬ ಬಸುರಿ ಸತ್ತಾಗ ವೈದ್ಯ ದಂಪತಿಗಳ ವ್ಯವಹಾರ ಹೊರಬಂತು. 2019ರಲ್ಲಿ ಅವರಿಗೂ ಸತ್ತವಳ ಗಂಡನಿಗೂ 10 ವರ್ಷ ಶಿಕ್ಷೆಯಾಯಿತು. 2011ರ ಜನಗಣತಿಯಲ್ಲಿ ಆ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ ಹೆಣ್ಣು 807 ಮಾತ್ರ. ಇಡೀ ಮಹಾರಾಷ್ಟ್ರದಲ್ಲಿ 894. ಪಶ್ಚಿಮದ ಗಡಿಯಲ್ಲಿಯೂ ಇದೇ ಕಥೆ. 2017ರಲ್ಲಿ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ ಒಬ್ಬ ಬಸುರಿಯ ಸಾವಿನ ತನಿಖೆ ಮಾಡುವಾಗ ಹೂತಿಟ್ಟ 19 ಭ್ರೂಣಗಳು ಸಿಕ್ಕವು. ತನಿಖೆ ಗಡಿ ದಾಟಿ ಕರ್ನಾಟಕದ ಕಾಗವಾಡದವರೆಗೂ ಹೋಯಿತು. 2023ರಲ್ಲಿ ಬೆಂಗಳೂರು ಪೊಲೀಸರು ಹಿಡಿದ ಜಾಲದವರು ಮಂಡ್ಯ ಕಡೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದರೆಂದು ತಿಳಿದುಬಂತು.

ಇಂಥ ಸುದ್ದಿ ಬಂದಾಗ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟು ಯಾರ ಮೇಲೆ ಹೋಯಿತು ನೋಡಿ. ಪರಳಿಯ ಪ್ರಕರಣದ ನಂತರ ಮಹಾರಾಷ್ಟ್ರದಲ್ಲಿ ಗರ್ಭಪಾತದ ಗುಳಿಗೆಗಳ ಮಾರಾಟದ ಮೇಲೆ ಬಿಗಿ ಕ್ರಮ ನಡೆಯಿತು. ಅನೇಕ ಮೆಡಿಕಲ್ ಅಂಗಡಿಯವರು ಅವನ್ನು ಇಡುವುದನ್ನೇ ಬಿಟ್ಟರು. ಆ ಗುಳಿಗೆಗಳು ಬಳಕೆಯಾಗುವುದು ಮೊದಲ 9 ವಾರಗಳೊಳಗೆ. ಅಷ್ಟರೊಳಗೆ ಸೋನೋಗ್ರಫಿಯಲ್ಲಿ ಗಂಡು-ಹೆಣ್ಣು ತಿಳಿಯುವುದೇ ಇಲ್ಲ! ಹಾಗಾದರೆ ತಡೆ ಬಿದ್ದದ್ದು ಯಾರಿಗೆ? ಲಿಂಗ ನೋಡಿಸುವವರಿಗಲ್ಲ, ನ್ಯಾಯವಾದ ಕಾರಣಕ್ಕೆ ಬಂದ ಹೆಣ್ಣುಮಗಳಿಗೆ. ಹೆಣ್ಣು ಭ್ರೂಣಹತ್ಯೆಗೆ ಕೊಲೆಯ ಕಲಂ ಹಾಕಬೇಕೆಂಬ ಮಾತೂ ಆಗ ಕೇಳಿಬಂತು. 2016ರಲ್ಲಿ ಕೇಂದ್ರ ಸಚಿವೆ ಮೇನಕಾ ಗಾಂಧಿಯವರು ಪ್ರತಿ ಬಸುರಿಯ ಲಿಂಗಪತ್ತೆಯನ್ನು ಕಡ್ಡಾಯವಾಗಿ ಮಾಡಿ ದಾಖಲಿಸಬಹುದೆಂಬ ಸಲಹೆ ಇಟ್ಟರು. ಹೀಗೆ ಮಾಡಿದರೆ ಕಾವಲು ಬೀಳುವುದು ಬಸುರಿಯ ಮೇಲೆ ಎಂದು ಮಹಿಳಾ ಸಂಘಟನೆಗಳು ವಿರೋಧಿಸಿದವು, ಆ ಸಲಹೆ ಕಾನೂನಾಗಲಿಲ್ಲ. ಇನ್ನೊಂದೆಡೆ 2022ರ ಸೆಪ್ಟೆಂಬರ 29ರಂದು ಸುಪ್ರೀಂ ಕೋರ್ಟು, ಮದುವೆಯಾದವಳು ಆಗದವಳು ಎಂಬ ಭೇದ ಮಾಡದೆ 24 ವಾರಗಳ ಅವಕಾಶ ಕೊಡಬೇಕೆಂದು ತೀರ್ಪಿತ್ತಿತು.

ಇನ್ನು ನಮ್ಮ ಮನೆಯ ಮಾತು. 2001ರ ಜನಗಣತಿಯಂತೆ ದೇಶದ ಜೈನರಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 870. ದೇಶದ ಸರಾಸರಿ ಆಗ 927. 2011ರಲ್ಲಿ ನಮ್ಮದು 889ಕ್ಕೆ ಏರಿದೆ, ಆದರೂ ಸಮಾಧಾನ ಪಡುವಂತಿಲ್ಲ. ವಿದ್ಯೆ, ಅನುಕೂಲ ಎರಡೂ ಇರುವ ಸಮಾಜ ನಮ್ಮದು. ಸೂಕ್ಷ್ಮಜೀವಿಗೂ ನೋವಾಗದಿರಲೆಂದು ನೀರು ಸೋಸಿ ಕುಡಿಯುವ ಮನೆಗಳು ನಮ್ಮವು. ಇಷ್ಟು ಹೆಣ್ಣುಮಕ್ಕಳು ಎಲ್ಲಿ ಹೋದರು ಎಂದು ದಶಲಕ್ಷಣ ಪರ್ವದಲ್ಲಿ ಒಂದು ದಿನವಾದರೂ ನಾವು ಬಸದಿಯಲ್ಲಿ ಕೇಳಿಕೊಳ್ಳಬೇಡವೇ?

ಗರ್ಭದಲ್ಲಿರುವುದೂ ಜೀವವೇ ಎಂದು ನಮ್ಮ ಧರ್ಮ ಹೇಳುತ್ತದೆ. ಅದನ್ನು ನಂಬುವ ಶ್ರಾವಿಕೆ ತನ್ನ ನಂಬಿಕೆಯಂತೆ ನಡೆಯಲಿ, ಯಾವ ಕಾನೂನೂ ಅವಳನ್ನು ತಡೆಯುವುದಿಲ್ಲ. ಆದರೆ ವ್ರತವೆಂಬುದು ತಾನಾಗಿ ಸ್ವೀಕರಿಸುವಂಥದ್ದು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ತೊಡುವಂಥದ್ದಲ್ಲ. ಹೆಣ್ಣೆಂದು ತಿಳಿದ ಕೂಡಲೇ ‘ತೆಗೆಸು’ ಎನ್ನುವ ಮನೆಯೇ, ಸೊಸೆಯ ಪ್ರಾಣಕ್ಕೆ ಕುತ್ತು ಬಂದಾಗ ‘ಪಾಪ’ ಎಂದರೆ ಅದು ಅಹಿಂಸೆಯಾಗುವುದಿಲ್ಲ. ಎರಡು ಸಲವೂ ಅಲ್ಲಿ ಅವಳ ಮಾತನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಕಾನೂನು ಇದನ್ನು ಅರಿತಿದೆ. ಲಿಂಗಪತ್ತೆ ಮಾಡಿಸಿದ ಪ್ರಕರಣದಲ್ಲಿ, ಬೇರೆ ರೀತಿ ಸಿದ್ಧವಾಗದ ಹೊರತು, ಗಂಡ ಅಥವಾ ಬಂಧುಗಳ ಒತ್ತಾಯದಿಂದಲೇ ಬಸುರಿ ಹೋದಳೆಂದು ಅದು ಭಾವಿಸುತ್ತದೆ. ಪರೀಕ್ಷೆಗೆ ಕರೆದೊಯ್ದವರಿಗೆ ಮೊದಲ ತಪ್ಪಿಗೇ ಮೂರು ವರ್ಷದವರೆಗೆ ಸಜೆ ಮತ್ತು 50,000 ರೂಪಾಯಿಯವರೆಗೆ ದಂಡ ಬೀಳಬಹುದು.

ಆದ್ದರಿಂದ ಅತ್ತೆಯಂದಿರಲ್ಲಿ, ಮಾವಂದಿರಲ್ಲಿ ನಮ್ಮ ವಿನಂತಿ ಇಷ್ಟೇ. ಸೋನೋಗ್ರಫಿಗೆ ಹೋದಾಗ ಕೂಸಿನ ಆರೋಗ್ಯ ಕೇಳಿ, ಗಂಡೋ ಹೆಣ್ಣೋ ಎಂದು ಕೇಳಬೇಡಿ. ಗಡಿಯಾಚೆ ‘ನೋಡಿ ಹೇಳುತ್ತಾರೆ’ ಎನ್ನುವ ದಲ್ಲಾಳಿಯನ್ನು ಹೊಸ್ತಿಲು ತುಳಿಯಗೊಡಬೇಡಿ. ಮಗಳಿಗೋ ಸೊಸೆಗೋ ನಿಜವಾದ ಸಂಕಟ ಬಂದಾಗ ಅವಳನ್ನು ಬಾಯಿ ಮುಚ್ಚಿಸದೆ, ತಡಮಾಡದೆ, ಮಾನ್ಯತೆಯುಳ್ಳ ದವಾಖಾನೆಗೆ ಕರೆದೊಯ್ಯಿರಿ. ಅವಳ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಮೇಲೆ ಕಾನೂನು ಹೊರಿಸಿರುವ ಹೊಣೆ. ಹುಟ್ಟಬೇಕಾದ ಹೆಣ್ಣುಕೂಸನ್ನು ಉಳಿಸುವ ಕಾನೂನೂ ಬದುಕಬೇಕಾದ ತಾಯಿಯನ್ನು ಉಳಿಸುವ ಕಾನೂನೂ ಒಂದಕ್ಕೊಂದು ವೈರಿಗಳಲ್ಲ. ಎರಡನ್ನೂ ಸರಿಯಾಗಿ ತಿಳಿದುಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.