ಇಬ್ಬರು ಅಬ್ದುಲ್ ನಜೀರ್, ಮತ್ತು ನಮ್ಮ ಹಾಜರಿ ಪುಸ್ತಕ

ಕರ್ನಾಟಕದಲ್ಲಿ ದೊಡ್ಡ ಹೆಸರು ಮಾಡಿದ ಅಬ್ದುಲ್ ನಜೀರ್ ಇಬ್ಬರಿದ್ದಾರೆ. ಇಬ್ಬರೂ ಈ ನಾಡಿನವರು, ಇಬ್ಬರೂ ಮುಸ್ಲಿಮರು. ಅಷ್ಟು ಬಿಟ್ಟರೆ ಅವರ ನಡುವೆ ಹೋಲಿಕೆ ಕಡಿಮೆ. ಆದರೂ ನಮ್ಮ ಗೆಳೆಯರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಒಬ್ಬರ ಕೆಲಸದ ಕೆಳಗೆ ಇನ್ನೊಬ್ಬರ ಫೋಟೋ ಬರುತ್ತದೆ. ಯಾರಾದರೂ ಹೇಳಿದರೆ, "ಇರಲಿ ಬಿಡೋ, ಇಬ್ಬರೂ ನಮ್ಮವರೇ ಅಲ್ವಾ" ಎನ್ನುತ್ತಾರೆ. ಈ "ಇರಲಿ ಬಿಡು" ಎನ್ನುವುದಕ್ಕೆ ನನ್ನ ವಿರೋಧವಿದೆ.

ಮೊದಲನೆಯವರು ಅಬ್ದುಲ್ ನಜೀರ್ ಸಾಬ್. ಎಂಬತ್ತರ ದಶಕದಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದವರು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಗಂಗಾವತಿಗೆ ತುಂಗಭದ್ರಾ ಕಾಲುವೆ ಇತ್ತು. ಕುಷ್ಟಗಿ, ಯಲಬುರ್ಗಾ ಕಡೆಯ ಹೆಣ್ಣುಮಕ್ಕಳಿಗೆ ಬಾವಿ, ಹಳ್ಳ, ಇಲ್ಲವೇ ಪಕ್ಕದ ಊರು. ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದರು. ಜನ ಅವರ ಹೆಸರನ್ನೇ ಬದಲಿಸಿ "ನೀರ್ ಸಾಬ್" ಎಂದರು. ನಮ್ಮ ದಾದಿಯ ಬಾಯಲ್ಲಿ ಇವತ್ತಿಗೂ ಅದು "ನೀರ್ ಸಾಬ್ ಕಾ ಬೋರಿಂಗ್". ಉರ್ದು ವಾಕ್ಯದ ನಡುವೆ ನೀರು ಎಂಬ ಕನ್ನಡ ಪದ ಕುಳಿತಿದೆ, ದಾದಿಗೆ ಅದು ಬೇರೆ ಭಾಷೆ ಎಂದು ಅನ್ನಿಸುವುದೇ ಇಲ್ಲ.

ನೀರಿನಷ್ಟೇ ದೊಡ್ಡ ಇನ್ನೊಂದು ಕೆಲಸ ಅವರದು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ 1983ರ ಕಾಯ್ದೆಯ ಹಿಂದೆ ಇದ್ದವರು ಅವರು. ಅದರಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿತ್ತು. 1987ರಲ್ಲಿ ಚುನಾವಣೆ ನಡೆಯಿತು. ಇಡೀ ದೇಶಕ್ಕೆ ಪಂಚಾಯತ್ ರಾಜ್ ತಂದ ಸಂವಿಧಾನದ 73ನೇ ತಿದ್ದುಪಡಿ ಆದದ್ದು 1992ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ, 1988ರಲ್ಲೇ ತೀರಿಕೊಂಡಿದ್ದರು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ಆದರೆ ಬೋರಿಂಗ್‌ನಿಂದ ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಈಗ ಜನ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುತ್ತಾರೆ. ಎಷ್ಟೋ ಕೈಪಂಪುಗಳ ಹಿಡಿಕೆಯೇ ಇಲ್ಲ. ಅದಕ್ಕೂ ನೀರ್ ಸಾಬ್ ಅವರಿಗೂ ಏನು ಸಂಬಂಧ ಎಂಬುದು ಬೇರೆ ಲೇಖನವಾಗಬೇಕು.

ಎರಡನೆಯವರು ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್. 1958ರಲ್ಲಿ ಹುಟ್ಟಿದವರು, ಮೂಡುಬಿದಿರೆ ಹತ್ತಿರದ ಬೆಳುವಾಯಿಯವರು. ಮಹಾವೀರ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಮಂಗಳೂರಿನಲ್ಲಿ ಕಾನೂನು ಓದಿದರು. (ಕಾಮರ್ಸ್‌ನವರಿಗೆ ಬ್ಯಾಂಕ್ ಬಿಟ್ಟರೆ ಬೇರೆ ದಾರಿಯಿಲ್ಲ ಎನ್ನುವ ಸೈನ್ಸ್ ಸೆಕ್ಷನ್‌ನವರು ದಯವಿಟ್ಟು ಗಮನಿಸಬೇಕು.) 2003ರಲ್ಲಿ ಕರ್ನಾಟಕ ಹೈಕೋರ್ಟ್, 2017ರಲ್ಲಿ ಸುಪ್ರೀಂ ಕೋರ್ಟ್. ಖಾಸಗಿತನ ಮೂಲಭೂತ ಹಕ್ಕು ಎಂದ ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ ಇದ್ದರು, ತ್ರಿವಳಿ ತಲಾಖ್ ಪೀಠದಲ್ಲಿದ್ದರು, 2019ರ ಅಯೋಧ್ಯೆ ತೀರ್ಪು ಕೊಟ್ಟ ಐವರಲ್ಲಿ ಒಬ್ಬರು. 2023ರ ಜನವರಿಯಲ್ಲಿ ನಿವೃತ್ತರಾದರು, ಮರುತಿಂಗಳೇ ಆಂಧ್ರಪ್ರದೇಶದ ರಾಜ್ಯಪಾಲರಾಗಿ ನೇಮಕವಾದರು. ಅವರನ್ನು ಹೊಗಳುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಇಬ್ಬರೂ ತಮ್ಮ ಮಾತಿಗೆ ಕಾರಣ ಕೊಡಲಿ. ಆದರೆ ಆ ಹೊಗಳಿಕೆಯಾಗಲಿ ಆ ಬೈಗುಳವಾಗಲಿ 1988ರಲ್ಲೇ ತೀರಿಹೋದ ಇನ್ನೊಬ್ಬರ ಫೋಟೋ ಕೆಳಗೆ ಏಕೆ ಬರಬೇಕು?

ಅಕೌಂಟೆನ್ಸಿ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬ ಗಿರಾಕಿ ಕೊಟ್ಟ ಹಣವನ್ನು ಅದೇ ಹೆಸರಿನ ಇನ್ನೊಬ್ಬನ ಖಾತೆಗೆ ಜಮಾ ಮಾಡಿದರೆ ಟ್ರಯಲ್ ಬ್ಯಾಲೆನ್ಸ್ ಆದರೂ ಸರಿಯಾಗಿ ತಾಳೆಯಾಗುತ್ತದೆ. ಮೊತ್ತ ಸರಿ, ಎರಡೂ ಖಾತೆ ತಪ್ಪು. "ಇಬ್ಬರೂ ನಮ್ಮವರೇ" ಎನ್ನುವುದು ಇಂಥ ಲೆಕ್ಕ. ಸಮುದಾಯದ ಮೊತ್ತ ತಾಳೆಯಾಯಿತು ಎಂದು ಖುಷಿಪಡುತ್ತೇವೆ, ಒಬ್ಬ ಮನುಷ್ಯ ಇಡೀ ಜೀವನ ಮಾಡಿದ ಕೆಲಸ ಬೇರೆಯವರ ಖಾತೆಗೆ ಹೋಗಿರುತ್ತದೆ. ಇದೇ ಲೆಕ್ಕವನ್ನು ಬೇರೆಯವರು ನಮ್ಮ ಮೇಲೆ ಹಾಕಿದಾಗ ಮಾತ್ರ ನಮಗೆ ನೋವಾಗುತ್ತದೆ. ನನ್ನ ಖಾಲಾ ಮಗ ಬೆಂಗಳೂರಿನಲ್ಲಿ ರೂಮು ಹುಡುಕುವಾಗ ಮನೆ ಮಾಲೀಕರು ಹೆಸರು ಕೇಳಿ, "ಈ ಹೆಸರು ಮೊನ್ನೆ ಟಿವಿಯಲ್ಲಿ ಬಂದಿತ್ತಲ್ಲ" ಎಂದರಂತೆ. ಟಿವಿಯಲ್ಲಿ ಬಂದವನು ಯಾರೋ, ಯಾವ ಊರಿನವನೋ. ಅಣ್ಣನಿಗೆ ರೂಮು ಸಿಗಲಿಲ್ಲ. ಹೆಸರು ಒಂದೇ ಎಂದು ಒಬ್ಬರ ಕೀರ್ತಿಯನ್ನು ನಾವು ಹಂಚಿಕೊಂಡರೆ, ಇನ್ನೊಬ್ಬನ ಅಪರಾಧವನ್ನು ಹಂಚಿಕೊಳ್ಳಿ ಎನ್ನುವವರಿಗೆ ಯಾವ ಬಾಯಿಂದ ಬೇಡ ಎನ್ನುವುದು?

ಹೆಸರನ್ನು ಅರ್ಧ ಕೇಳಿಸಿಕೊಳ್ಳುವ ಅಭ್ಯಾಸವೂ ಇದಕ್ಕೆ ಸೇರಿಕೊಂಡಿದೆ. ನವೆಂಬರ್ 11 ರಾಷ್ಟ್ರೀಯ ಶಿಕ್ಷಣ ದಿನ, ಮೌಲಾನಾ ಅಬುಲ್ ಕಲಾಂ ಆಜಾದರು ಹುಟ್ಟಿದ ದಿನ. ದೇಶದ ಮೊದಲ ಶಿಕ್ಷಣ ಸಚಿವರು. ಆ ದಿನ ಎಪಿಜೆ ಅಬ್ದುಲ್ ಕಲಾಂ ಅವರ ಚಿತ್ರ ಹಾಕಿ ರಾಕೆಟ್ ಬಗ್ಗೆ ಮಾತಾಡುವವರಿದ್ದಾರೆ. ಅಬುಲ್ ಬೇರೆ, ಅಬ್ದುಲ್ ಬೇರೆ. ಅಬುಲ್ ಎಂಬಲ್ಲಿ ತಂದೆ ಎಂಬ ಅರ್ಥವಿದೆ, ಅಬ್ದುಲ್ ಎಂಬಲ್ಲಿ ದಾಸ ಎಂಬ ಅರ್ಥ. ಮೌಲಾನಾ ಅವರಿಗೆ ಮನೆಯಲ್ಲಿ ಇಟ್ಟ ಹೆಸರು ಇದ್ಯಾವುದೂ ಅಲ್ಲ, ಮೊಹಿಯುದ್ದೀನ್ ಅಹ್ಮದ್. ಇನ್ನು ನಜೀರ್ ಎಂಬುದನ್ನೇ ನೋಡಿ. ಕನ್ನಡದಲ್ಲಿ ಒಂದೇ ಥರ ಬರೆಯುತ್ತೇವೆ. ಉರ್ದುವಿನಲ್ಲಿ ಜಾಲ್ ಅಕ್ಷರದಲ್ಲಿ ಬರೆದರೆ ಎಚ್ಚರಿಸುವವನು, ಜೋಯ್ ಅಕ್ಷರದಲ್ಲಿ ಬರೆದರೆ ಸಾಟಿ, ಉದಾಹರಣೆ. "ಬೇನಜೀರ್" ಎಂದರೆ ಸಾಟಿಯಿಲ್ಲದ್ದು. ಉರ್ದು ಕ್ಲಾಸಿನಲ್ಲಿ ಈ ಅಕ್ಷರಗಳಿಗಾಗಿ ಎಷ್ಟು ಸಲ ಬೈಸಿಕೊಂಡಿದ್ದೇವೆ ಎಂಬುದು ನಮಗೇ ಗೊತ್ತು.

ಹೆಸರು ಒಂದೇ ಇದ್ದವರನ್ನು ಬೇರೆ ಮಾಡಿ ತೋರಿಸುವುದು ನಮ್ಮ ಭಾಗದ ಜನರಿಗೆ ಹೊಸದಲ್ಲ. ನಮ್ಮ ಆನೆಗುಂದಿಯಿಂದ ಹೊಳೆ ದಾಟಿದರೆ ಸಿಗುವ ವಿಜಯನಗರದಲ್ಲಿ ಒಬ್ಬರಿಗಿಂತ ಹೆಚ್ಚು ದೇವರಾಯರು ಆಳಿದರು, ಅವರಲ್ಲಿ ಎರಡನೆಯವನನ್ನು ಪ್ರೌಢದೇವರಾಯ ಎಂದರು. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನನ್ನು ಜಗದ್ಗುರು ಬಾದಶಾಹ ಎಂದರು. ನಂಬರ್ ಹಾಕುವುದು ಇತಿಹಾಸ ಪುಸ್ತಕದ ಅನುಕೂಲಕ್ಕೆ. ಗಂಗಾವತಿ ಪ್ರಾಣೇಶ್ ಎಂದರೆ ಯಾವ ಪ್ರಾಣೇಶ್ ಎಂದು ಕನ್ನಡಿಗರು ಯಾರೂ ಕೇಳುವುದಿಲ್ಲ. ಇಲ್ಲಿಯ ಮುಸ್ಲಿಮರ ಅಡ್ಡಹೆಸರುಗಳೇ ಗೌಂಡಿ, ನದಾಫ್, ಬಾಗವಾನ್, ಅತ್ತಾರ, ಮಕಾಂದಾರ; ಕೆಲಸ ಗೊತ್ತಾದರೆ ಮನೆ ಗೊತ್ತಾಗುತ್ತದೆ. ನಮ್ಮ ಅಬ್ಬಾ ಅವರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಾಲ್ಕು ಹುಸೇನ್ ಇದ್ದಾರೆ: ಹುಸೇನ್ ಗೌಂಡಿ, ಹುಸೇನ್ ಆಟೊ, ಹುಸೇನ್ ಕುಷ್ಟಗಿ, ಹುಸೇನ್ ಮಸೀದಿ ಹಿಂದಿನ ಮನೆ. ಇದುವರೆಗೆ ಒಬ್ಬರ ಸಕ್ಕರೆ ಇನ್ನೊಬ್ಬರ ಲೆಕ್ಕಕ್ಕೆ ಹೋಗಿಲ್ಲ.

ನಮ್ಮ ಸೆಕ್ಷನ್ನಿನಲ್ಲಿ ಒಂದೇ ಹೆಸರಿನವರು ಮೂವರಿದ್ದೇವೆ. ಹಾಜರಿ ಪುಸ್ತಕದಲ್ಲಿ ನಾವು ಒಂದು, ಎರಡು, ಮೂರು. ನಾನು ಎರಡು. ಕಿರುಪರೀಕ್ಷೆಯ ಅಂಕ ಅದಲು ಬದಲಾದರೆ ಸ್ಟಾಫ್ ರೂಮಿಗೆ ಹೋಗಿ ಸರಿಮಾಡಿಸಿಕೊಳ್ಳಬಹುದು. ಆದರೆ ಮೂರನೆಯವನ ಸ್ಕಾಲರ್‌ಶಿಪ್ ಕಳೆದ ವರ್ಷ ತಿಂಗಳುಗಟ್ಟಲೆ ನಿಂತಿತ್ತು. ಆಧಾರ್‌ನಲ್ಲಿ ಮೊಹಮ್ಮದ್ ಪೂರ್ತಿ ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಂ.ಡಿ. ಎಂದು ಎರಡಕ್ಷರ. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಹುಡುಗರು. ಅವನ ಅಬ್ಬಾ ಕೂಲಿ ಬಿಟ್ಟು ಮೂರು ಸಲ ಕಚೇರಿಗೆ ಅಲೆದರು.

ಆದ್ದರಿಂದ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ಎರಡು ವಿನಂತಿ. ಪ್ರವೇಶದ ಸಮಯದಲ್ಲೇ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ಎಂದು ನೋಡಿ, ಇಲ್ಲದವರಿಗೆ ತಿದ್ದಿಸಿಕೊಳ್ಳಲು ತಿಳಿಸಬೇಕು. ಈ ಕೆಲಸಕ್ಕೆ ಕಾಮರ್ಸ್ ವಿದ್ಯಾರ್ಥಿಗಳು ಒಂದು ವಾರ ಕಚೇರಿಯಲ್ಲಿ ಕೂರಲು ಸಿದ್ಧರಿದ್ದೇವೆ. ಎರಡನೆಯದು, ಹಾಜರಿ ಕೂಗುವಾಗ ನಂಬರ್ ಬಿಟ್ಟು ಊರು ಸೇರಿಸಿ ಕರೆಯಬೇಕು. ಒಂದನೆಯವನು ಕುಷ್ಟಗಿ ಎಂದರೆ ಸಾಕು ಎನ್ನುತ್ತಾನೆ. ಮೂರನೆಯವನು ಯಲಬುರ್ಗಾ ತಾಲ್ಲೂಕಿನವನು, ಅವನಿಗೆ ಮಾತ್ರ ಊರು ಬೇಡವಂತೆ, "ಕೇರಂ" ಎಂದು ಕರೆಯಬೇಕಂತೆ. ಕಾಲೇಜಿನಲ್ಲಿ ಅವನನ್ನು ಆ ಆಟದಲ್ಲಿ ಸೋಲಿಸಿದವರು ಇಲ್ಲದಿರುವುದು ನಿಜ. ಸರ್ ಒಪ್ಪುತ್ತಾರೋ ಇಲ್ಲವೋ, ನಾವಂತೂ ಈಗಾಗಲೇ ಕರೆಯಲು ಶುರುಮಾಡಿದ್ದೇವೆ.

- ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ